ಬಿಟ್ಟುಹೋದ ಒತ್ತು

ಕುತ್ತಿಗೆ ನೋವಿನವರ ತರಗತಿಯಲ್ಲಿ ಮೊದಲ ದಿನ ಎಲ್ಲರೂ ತಮ್ಮ ತಮ್ಮ ಕಸುಬು ಹೇಳಬೇಕಿತ್ತು. ನೆಟಿಗೆಯಣ್ಣ ಗಡಿಯಾರ ರಿಪೇರಿ ಎಂದು ಸುಳ್ಳು ಹೇಳಿದ.

ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಮೂವತ್ತೊಂದು ವರ್ಷದಿಂದ ಬಸ್ ನಿಲ್ದಾಣದ ಎದುರು ಕ್ಷೌರದಂಗಡಿ ಇಟ್ಟವನಿಗೆ ಅದರ ಅಗತ್ಯವೂ ಬೀಳುವುದಿಲ್ಲ. ಬೇರೆಯವರು ಹೇಳಿದ್ದನ್ನು ಕೇಳಿಸಿಕೊಂಡರೆ ಸಾಕು. ಆದರೆ ಕುತ್ತಿಗೆಯ ವಿಷಯದಲ್ಲಿ ಅವನಿಗೊಂದು ಹೆಸರಿತ್ತು. ಕೂದಲು ಕತ್ತರಿಸಿ ಮುಗಿದ ಮೇಲೆ ನೆತ್ತಿಗೆ ನಾಲ್ಕು ಸಲ ತಟ್ಟಿ, ಒಂದು ಕೈ ಗದ್ದಕ್ಕೆ, ಇನ್ನೊಂದು ಕೈ ತಲೆಯ ಹಿಂದಕ್ಕೆ ಕೊಟ್ಟು, ಏನಾಗುತ್ತಿದೆ ಎಂದು ಗಿರಾಕಿಗೆ ತಿಳಿಯುವ ಮೊದಲೇ ತಿರುಗಿಸಿ ಲಟಕ್ಕೆಂದು ನೆಟಿಗೆ ತೆಗೆಯುತ್ತಿದ್ದ. ಅದಕ್ಕೆಂದೇ ಜನ ಬರುತ್ತಿದ್ದರು. ತಲೆಯಲ್ಲಿ ಕತ್ತರಿಸಲು ಒಂದು ಎಳೆ ಕೂದಲೂ ಇಲ್ಲದವರು ಕೂಡ ಬಂದು ಸರದಿಯಲ್ಲಿ ಕೂರುತ್ತಿದ್ದರು. ಕೈಗುಣ ಎನ್ನುತ್ತಿದ್ದರು. ಅವನ ನಿಜವಾದ ಹೆಸರು ಅಂಗಡಿಯ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಬೇರೆಲ್ಲ ಕಡೆ, ಹೆಂಡತಿಯ ತವರಿನಲ್ಲೂ, ಅವನು ನೆಟಿಗೆಯಣ್ಣ.

ಅಂಥವನ ಕುತ್ತಿಗೆ ಎರಡು ವರ್ಷದಿಂದ ಹಿಡಿದುಕೊಂಡಿತ್ತು. ಇನ್ನೊಬ್ಬರ ತಲೆ ನೋಡಿ ನೋಡಿ ತನ್ನ ತಲೆ ಮುಂದಕ್ಕೆ ಬಾಗಿ ಅಲ್ಲೇ ನಿಂತಿತ್ತು. ಪಕ್ಕದಲ್ಲಿ ಯಾರಾದರೂ ಕರೆದರೆ ಮನೆ ಬದಲಿಸುವಾಗ ಬೀರು ತಿರುಗಿಸುವಂತೆ ಇಡೀ ದೇಹವನ್ನೇ ತಿರುಗಿಸಬೇಕಿತ್ತು. ಅವನ ಹೆಂಡತಿ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಗೋಡೆಯ ಮೇಲೆ ತರಗತಿಯ ಚೀಟಿ ನೋಡಿ, ಇವನನ್ನು ಕೇಳದೆ ಹೆಸರು ಬರೆಸಿ ಬಂದಳು.

“ಗಿರಾಕಿಗಳು ಯಾರಾದ್ರೂ ನೋಡಿದ್ರೆ ನನ್ನ ಮಾನ ಹೋಗುತ್ತೆ ಕಣೇ.”

“ಅಷ್ಟು ದೂರ ಯಾರೂ ಬರಲ್ಲ ರೀ. ಬಂದ್ರೂ ಕತ್ತು ತಿರುಗಿಸಿ ನೋಡೋ ಸ್ಥಿತೀಲಿರಲ್ಲ,” ಎಂದಳು.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ತರಗತಿ. ಒಟ್ಟು ಹನ್ನೆರಡು. ಹಿಂದೆ ಮುರಿದ ಮಂಚಗಳನ್ನು ಪೇರಿಸಿಡುತ್ತಿದ್ದ ಉದ್ದನೆಯ ಕೋಣೆಯಲ್ಲಿ ಹತ್ತು ಸ್ಟೂಲುಗಳನ್ನು ಎರಡು ಸಾಲಾಗಿ ಹಾಕಿದ್ದರು. ಹತ್ತು ಜನರೂ ಫೋಟೋ ತೆಗೆಸಿಕೊಳ್ಳಲು ಬಂದವರಂತೆ ನೆಟ್ಟಗೆ ಕೂತಿದ್ದರು. ಕಲಿಸುವ ಫಿಸಿಯೋ ಮೇಡಂ ಮೂವತ್ತು ದಾಟಿರದ ಹೆಂಗಸು. ನಗಿಸುವ ಮಾತನ್ನೂ ನಗದೆ ಹೇಳುವವಳು.

“ಗದ್ದ ಹಿಂದಕ್ಕೆ ಎಳ್ಕೊಳ್ಳಿ. ಇನ್ನೂ ಹಿಂದಕ್ಕೆ. ಎರಡನೇ ಗದ್ದ ಕಾಣಿಸ್ಬೇಕು. ಚೆನ್ನಾಗಿ ಕಾಣ್ಬೇಕು ಅಂತ ಇಲ್ಲಿಗೆ ಯಾರೂ ಬಂದಿಲ್ಲ.”

ಹತ್ತು ಜನ ಎರಡನೇ ಗದ್ದ ತಂದುಕೊಂಡರು. ಕೆಲವರಿಗೆ ಅದು ಮೊದಲೇ ಇತ್ತು.

ಕಸುಬು ಹೇಳುವ ಸರದಿ ನೆಟಿಗೆಯಣ್ಣನ ಮುಂದಿನ ಸ್ಟೂಲಿಗೆ ಬಂದಾಗ ಅಲ್ಲಿದ್ದವರು, ತಾವು ಅಚ್ಚುಕೂಟದಲ್ಲಿ ಮೂವತ್ತಾರು ವರ್ಷ ಪ್ರೂಫ್ ತಿದ್ದಿ ನಿವೃತ್ತರಾದವರು, ಈಗಲೂ ಮನೆಯಲ್ಲಿ ತಿದ್ದುತ್ತಿರುವವರು ಎಂದರು. ನೋವು ಯಾವಾಗ ಶುರುವಾಯಿತು ಎಂದು ಮೇಡಂ ಕೇಳಿದಳು. ಉಳಿದವರೆಲ್ಲ ಇದಕ್ಕೆ ‘ಎರಡು ಮೂರು ವರ್ಷ ಇರಬಹುದು’ ಎಂದು ಗಾಳಿಯಲ್ಲಿ ಕೈ ಆಡಿಸಿದ್ದರು. ಪ್ರೂಫ್ ರೀಡರು ವಾರ, ಗಂಟೆ ಸಮೇತ ಹೇಳಿದರು.

“ಎಂಟು ತಿಂಗಳಾಯ್ತು. ಭಾನುವಾರ, ಹನ್ನೊಂದೂವರೆ. ಕಟಿಂಗಿಗೆ ಹೋಗಿದ್ದೆ. ಆ ಪುಣ್ಯಾತ್ಮ ಹೇಳ್ದೆ ಕೇಳ್ದೆ ನನ್ನ ತಲೇನ ನಲ್ಲಿ ತಿರುಗಿಸಿದ ಹಾಗೆ ತಿರುಗಿಸಿಬಿಟ್ಟ. ಅವತ್ತಿಂದ ಹಿಡ್ಕೊಂಡಿದೆ.”

ಒಂಬತ್ತು ಜನರಲ್ಲಿ ಎಂಟು ಜನ ಲೊಚಗುಟ್ಟಿದರು. ನೆಟಿಗೆಯಣ್ಣ ಎದುರಿನ ತಲೆಯನ್ನು ನೋಡಿದ. ನೋಡಬಾರದಿತ್ತು. ಮನುಷ್ಯರ ಮುಖವನ್ನು ಅವನು ಮರೆಯುವುದುಂಟು. ತಲೆಯ ಹಿಂಭಾಗವನ್ನು ಮರೆತವನಲ್ಲ. ನೆತ್ತಿಯಲ್ಲಿ ಎರಡು ಸುಳಿ, ಒಂದಕ್ಕೊಂದು ವಿರುದ್ಧ ದಿಕ್ಕಿನವು. ಎಡಗಿವಿಯ ಹಿಂದೆ ಅಕ್ಕಿ ಕಾಳಿನಷ್ಟು ಗಾಯದ ಗುರುತು. ಇದು ತನ್ನ ಕುರ್ಚಿಯಲ್ಲಿ ಕೂತಿದ್ದ ತಲೆ. ತಲೆಯೇನೋ ಅದೇ, ಕೂದಲು ಮಾತ್ರ ಯಾರೋ ಹಗೆ ಸಾಧಿಸಿದಂತೆ ಕತ್ತರಿಸಿದ್ದರು: ಬಲಗಡೆ ಮೆಟ್ಟಿಲು, ಎಡಗಡೆ ಬೋಳು, ನಡುವೆ ಒಂದು ಜುಟ್ಟು ಹೇಗೋ ತಪ್ಪಿಸಿಕೊಂಡಿತ್ತು.

“ಆಮೇಲೆ ಯಾವ ಕ್ಷೌರದಂಗಡಿಗೂ ಹೋಗಿಲ್ಲ,” ಎಂದರು ಪ್ರೂಫ್ ರೀಡರು. “ಮನೆಯವಳೇ ಕತ್ತರಿಸ್ತಾಳೆ. ಅವಳಿಗೆ ಕಣ್ಣಿನ ಪೊರೆ.”

ಅವರು ಇವನನ್ನು ಗುರುತಿಸಲಿಲ್ಲ. ಅದರಲ್ಲಿ ಆಶ್ಚರ್ಯವೂ ಇಲ್ಲ. ಕ್ಷೌರಕ್ಕೆ ಕೂರುವವರು ಮೊದಲು ಕನ್ನಡಕ ತೆಗೆದಿಡುತ್ತಾರೆ. ಅವರದು ಬಾಟಲಿಯ ತಳದಂಥ ಗಾಜು. ಅದಿಲ್ಲದೆ ಕನ್ನಡಿಯಲ್ಲಿ ಅವರಿಗೆ ಕಂಡದ್ದು ಬಿಳಿ ಅಂಗಿ ತೊಟ್ಟ ಒಂದಿಷ್ಟು ಮಂಜು. ಉಳಿದದ್ದು ದನಿ. ಹೀಗಾಗಿ ತನ್ನ ಸರದಿ ಬಂದಾಗ ನೆಟಿಗೆಯಣ್ಣ ನೆಗಡಿ ಹಿಡಿದವನಂತೆ ಗಂಟಲಿನ ತಳದಿಂದ ಗಡಿಯಾರದ ಸುಳ್ಳು ಹೇಳಿ ಮುಗಿಸಿದ. ಆ ನೆಗಡಿಯನ್ನು ಮೂರು ವಾರ ಸಾಕಬೇಕಾಯಿತು. ಅಂಗಡಿಯಲ್ಲಿ ಬಾಯಿಗೆ ಬಿಡುವು ಕೊಡದವನು ಇಲ್ಲಿ ತುಟಿ ಪಿಟಕ್ಕೆನ್ನದೆ ಕೂರುತ್ತಾನೆ ಎಂದರೆ ಹೆಂಡತಿ ನಂಬಲಿಲ್ಲ.

ಮೂರನೇ ತರಗತಿಯಲ್ಲಿ ಗೋಡೆ ಗಡಿಯಾರ ನಿಂತಿತ್ತು. ಮೇಡಂ ಅದನ್ನು ಇಳಿಸಿ ತಂದು ಅವನ ತೊಡೆಯ ಮೇಲಿಟ್ಟಳು. ಅವನು ಬಹಳ ಹೊತ್ತು ಅದನ್ನು ಗಂಭೀರವಾಗಿ ನೋಡಿದ. ಕೊನೆಗೆ ಹಿಂದಿನ ಮುಚ್ಚಳ ತೆಗೆದರೆ ಸೆಲ್ಲನ್ನು ಯಾರೋ ಉಲ್ಟಾ ಹಾಕಿದ್ದರು. ತಿರುಗಿಸಿ ಹಾಕಿದ, ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಪ್ರೂಫ್ ರೀಡರು.

“ನೋಡಿ, ಕೆಲಸ ಗೊತ್ತಿರೋವ್ರ ಕೈ ಅಂದ್ರೆ ಇದು,” ಎಂದರು. ಆ ಹೊಗಳಿಕೆ ಅವನಿಗೆ ಕಪಾಳಕ್ಕೆ ಬಿಗಿದಂತಾಯಿತು.

ಏಕೆಂದರೆ ಆ ಭಾನುವಾರ ಅವನಿಗೆ ಚೆನ್ನಾಗಿ ನೆನಪಿತ್ತು. ಅಂಗಡಿ ತುಂಬ ಜನ. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಭಾವಮೈದನ ಜೊತೆ ಯಾವುದೋ ಪಂದ್ಯದ ವಿಷಯ ಮಾತಾಡುತ್ತ, ಕೈಯಲ್ಲಿರುವ ತಲೆ ಯಾರದೆಂದು ನೋಡದೆ ತಿರುಗಿಸಿದ್ದ. ಶಬ್ದ ಬರಲಿಲ್ಲ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಆರೇಳು ಜನ ನೋಡುತ್ತಿದ್ದರು. ನೆಟಿಗೆಯಣ್ಣನ ಕೈಯಲ್ಲಿ ನೆಟಿಗೆ ಬರಲಿಲ್ಲ ಎಂದರೆ ಹೇಗೆ? ಇನ್ನೊಂದು ದಿಕ್ಕಿಗೆ, ಇನ್ನಷ್ಟು ಬಲವಾಗಿ ತಿರುಗಿಸಿದ. ಆಗ ಬಂತು. ಕುರ್ಚಿಯಲ್ಲಿ ಕೂತವರು ‘ಅಮ್ಮಾ’ ಎಂದರು. “ಈಗ ಸರಿಹೋಯ್ತು ನೋಡಿ!” ಎಂದು ಇವನು ನಕ್ಕಿದ್ದ, ಬೆಂಚೂ ನಕ್ಕಿತ್ತು.

ಮನೆಯಲ್ಲಿ ಇದನ್ನು ಬಾಯಿಬಿಟ್ಟಾಗ ಹೆಂಡತಿ, “ಹೇಳಿಬಿಡಿ ಅವರಿಗೆ,” ಎಂದಳು. ಅಷ್ಟೇ ಹೇಳಿ ಬಟ್ಟೆ ಮಡಿಸತೊಡಗಿದಳು. ಭಾವಮೈದ ಬೇರೆ ದಾರಿ ತೋರಿಸಿದ.

“ಭಾವ, ನೀನೇನು ಹುಚ್ಚನಾ? ಮೂವತ್ತಾರು ವರ್ಷ ತಲೆ ತಗ್ಗಿಸಿ ಅಕ್ಷರ ಹೆಕ್ಕಿದವರು ಅವರು. ಆ ಕತ್ತು ಮೊದಲೇ ಸವೆದಿರುತ್ತೆ. ನಿನ್ನದೇನು ತಪ್ಪು?”

ಈ ಮಾತು ನೆಟಿಗೆಯಣ್ಣನಿಗೆ ಬಹಳ ಹಿಡಿಸಿತು. ಮುದ್ರೆ ಒತ್ತಿಸಿಕೊಳ್ಳೋಣವೆಂದು ಐದನೇ ತರಗತಿ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ, ಯಾರದೋ ವಿಷಯವೆಂಬಂತೆ ಕೇಳಿದ: ಒಂದೇ ಒಂದು ಸಲ ತಿರುಗಿಸಿದ್ದಕ್ಕೆ ಎಂಟು ತಿಂಗಳು ನೋವು ಇರುವುದುಂಟೇ?

“ಆಗ್ಬಹುದು. ಅದರಿಂದಲೇ ಅಲ್ದೆಯೂ ಇರ್ಬಹುದು. ಈಗ ಹೇಳಕ್ಕಾಗಲ್ಲ.”

“ಎಕ್ಸ್-ರೇ ನೋಡಿದ್ರೂ?”

“ಎಕ್ಸ್-ರೇಲಿ ಮೂಳೆ ಕಾಣುತ್ತೆ. ಮೊದಲು ಯಾರು ಮುಟ್ಟಿದ್ರು ಅನ್ನೋದು ಕಾಣಲ್ಲ.”

ತಪ್ಪು ನಿನ್ನದೇ ಎಂದಿದ್ದರೆ ಅತ್ತು ಮುಗಿಸಬಹುದಿತ್ತು. ನಿನ್ನದಲ್ಲ ಎಂದಿದ್ದರೆ ನಿದ್ದೆ ಮಾಡಬಹುದಿತ್ತು. ಅವಳು ಎರಡನ್ನೂ ಕೊಡಲಿಲ್ಲ.

ಆರನೇ ತರಗತಿಯಲ್ಲಿ ಜೋಡಿ ವ್ಯಾಯಾಮ ಬಂತು. ಒಬ್ಬರು ಕೂತಿರಬೇಕು, ಇನ್ನೊಬ್ಬರು ಹಿಂದೆ ನಿಂತು ಅವರ ತಲೆಯ ಪಕ್ಕಕ್ಕೆ ಅಂಗೈ ಇಡಬೇಕು. ಕೂತವರು ಆ ಅಂಗೈಗೆ ತಲೆಯನ್ನು ಒತ್ತಬೇಕು. ನಿಂತವರು ತಳ್ಳಬಾರದು, ತಿರುಗಿಸಬಾರದು, ಹಿಂದೆಯೂ ಸರಿಯಬಾರದು. ಹತ್ತು ಎಣಿಸುವವರೆಗೆ ಸುಮ್ಮನೆ ತಡೆದು ಹಿಡಿದಿರಬೇಕು. ಮೇಡಂ ಜೋಡಿ ಮಾಡುತ್ತ ಬಂದು, “ಗಡಿಯಾರದವರು, ಪ್ರೂಫಿನವರು,” ಎಂದಳು.

ನೆಟಿಗೆಯಣ್ಣ ಎದ್ದು ಹಿಂದೆ ನಿಂತು ಕೈ ಎತ್ತಿದ, ಅಷ್ಟೆ. ಪ್ರೂಫ್ ರೀಡರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿಬಿಟ್ಟರು.

“ಬೇಡ! ಮುಟ್ಬೇಡಿ. ಯಾರೂ ನನ್ನ ತಲೆ ಮುಟ್ಬೇಡಿ.”

ಅರವತ್ತಮೂರು ವರ್ಷದ ಮನುಷ್ಯ. ಆಮೇಲೆ ನಾಚಿಕೊಂಡು ಕನ್ನಡಕ ಒರೆಸುತ್ತ, “ನಿಮ್ಮ ಮೇಲೆ ಅನುಮಾನ ಅಂತಲ್ಲ ಗಡಿಯಾರದವರೇ. ಹಿಂದೆ ಯಾರಾದ್ರೂ ನಿಂತ್ರೆ ಸಾಕು, ಮೈ ನಡುಗುತ್ತೆ. ಬಸ್ಸಲ್ಲೂ ಕೊನೇ ಸೀಟಲ್ಲೇ ಕೂರ್ತೀನಿ,” ಎಂದರು. ಮೇಡಂ ಅವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ತಲೆಯನ್ನು ಗೋಡೆಗೆ ಒತ್ತಲು ಹೇಳಿದಳು. ಅವರು ಗೋಡೆಗೆ ಒತ್ತಿದರು. ನೆಟಿಗೆಯಣ್ಣ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ಜೇಬಿಗೆ ಹಾಕಿಕೊಂಡ. ನೋವು ಕೊಟ್ಟಿರಬಹುದು ಎಂದಷ್ಟೇ ಅವನು ಅಂದುಕೊಂಡಿದ್ದ. ಒಬ್ಬ ಮನುಷ್ಯನನ್ನು ಹೀಗೆ ಹೆದರಿಸಿಬಿಟ್ಟಿದ್ದೇನೆ ಎಂದು ಅವನಿಗೆ ಹೊಳೆದಿರಲಿಲ್ಲ. ತನ್ನ ಕೈಗಳ ಬಗ್ಗೆ ಅವನಿಗೆ ಜೀವನದಲ್ಲಿ ಮೊದಲ ಸಲ ಹೇಸಿಗೆಯಾಯಿತು.

ಏಳನೇ ತರಗತಿ ಮುಗಿದಾಗ ಎಲ್ಲರೂ ಹೋದರು. ಚಪ್ಪಲಿ ಹುಡುಕಲು ಕತ್ತು ಬಗ್ಗಿಸಲಾಗದೆ ಪ್ರೂಫ್ ರೀಡರು ಕಾಲಿನಿಂದಲೇ ತಡಕಾಡುತ್ತಿದ್ದರು. ನೆಟಿಗೆಯಣ್ಣ ಅವರ ಚಪ್ಪಲಿಯನ್ನು ಎತ್ತಿ ಮುಂದಿಟ್ಟು, ನೆಗಡಿ ಬಿಟ್ಟು, ತನ್ನ ಸ್ವಂತ ದನಿಯಲ್ಲಿ ಮಾತಾಡಿದ.

“ಸಾರ್, ನಾನು ಗಡಿಯಾರದವನಲ್ಲ.”

ಪ್ರೂಫ್ ರೀಡರ ಕಾಲು ಅರ್ಧ ಚಪ್ಪಲಿಯಲ್ಲೇ ನಿಂತಿತು. ಮುಂದಿನದನ್ನು ಹೇಳಬೇಕಾಗಲೇ ಇಲ್ಲ. ಆ ದನಿ ಎಂಟು ತಿಂಗಳಿಂದ ಅವರ ಕಿವಿಯಲ್ಲೇ ಕೂತಿತ್ತು.

“ಎರಡು ಸಲ ತಿರುಗಿಸಿದ್ರಿ,” ಎಂದರು.

“ಹೌದು ಸಾರ್.”

“ಮೊದಲನೇದು ಬಿಡಿ, ಎಲ್ಲರಿಗೂ ಮಾಡ್ತಿದ್ರಿ, ನನಗೂ ಮಾಡಿದ್ರಿ. ಎರಡನೇ ಸಲ ಯಾಕೆ?”

“ಶಬ್ದ ಬರ್ಲಿಲ್ಲ ಅಂತ.”

“ನೋವು ಹೋಗ್ಲಿ ಅಂತಲ್ಲ.”

“ಅಲ್ಲ ಸಾರ್. ಶಬ್ದ ಬರ್ಲಿ ಅಂತ. ಜನ ನೋಡ್ತಿದ್ರು.” ಅವನ ಮುಖ ಹುಳ್ಳಗಾಗಿತ್ತು. “ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ.”

“ಹಾಕ್ಕೊಳ್ಳೋಣ ಅಂದ್ರೆ ಅದು ಕುತ್ತಿಗೇಲೇ ನಿಂತಿದೆಯಲ್ಲ,” ಎಂದರು ಪ್ರೂಫ್ ರೀಡರು. ತಮಾಷೆಗೆ ಹೇಳಿದ್ದಲ್ಲ. “ನಮ್ಮ ಕೆಲಸದಲ್ಲಿ ಪುಸ್ತಕ ಅಚ್ಚಾದ ಮೇಲೆ ತಪ್ಪು ಸಿಕ್ಕಿದ್ರೆ ಒಪ್ಪೋಲೆ ಅಂತ ಒಂದು ಚೀಟಿ ಅಂಟಿಸ್ತೀವಿ. ಇಂಥ ಪುಟ, ಇಂಥ ಸಾಲು, ತಪ್ಪು ಇದು, ಸರಿ ಇದು. ತಪ್ಪು ಹಾಗೇ ಇರುತ್ತೆ. ಆದ್ರೆ ಗೊತ್ತಾಯ್ತು ಅಂತ ನಾಲ್ಕು ಜನಕ್ಕೆ ಹೇಳಿದ ಹಾಗಾಗುತ್ತೆ. ನೀವು ನನ್ನೊಬ್ಬನ ಕಿವೀಲಿ ಹೇಳ್ತಿದ್ದೀರಿ.”

ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಹೋದರು. ಎಂಟನೇ ತರಗತಿಗೆ ಬರಲಿಲ್ಲ. ಒಂಬತ್ತನೆಯದಕ್ಕೂ ಇಲ್ಲ. ವ್ಯಾಯಾಮ ಬಿಟ್ಟರೆ ಮೊದಲಿನ ಸ್ಥಿತಿಗೇ ಬರುತ್ತಾರೆ ಎಂದು ಮೇಡಂ ಬೇಸರ ಪಟ್ಟುಕೊಂಡಳು. ತಾನು ಅವರ ಕುತ್ತಿಗೆಯನ್ನು ಎರಡನೇ ಸಲ ಕೆಡಿಸಿದೆ ಎಂದು ನೆಟಿಗೆಯಣ್ಣನಿಗೆ ಅನ್ನಿಸಿತು.

ಅಂದೇ ಒಂದು ಬಿಳಿ ರಟ್ಟು ತಂದು, ಕಪ್ಪು ಬಣ್ಣದಲ್ಲಿ, ಅಂಗಡಿಯ ಬಾಗಿಲಿಗೆ ಎಲ್ಲರಿಗೂ ಕಾಣುವಂತೆ ಬೋರ್ಡು ಬರೆದು ಹಾಕಿದ:

‘ಇಲ್ಲಿ ಇನ್ನು ಮೇಲೆ ಕುತ್ತಿಗೆ ನೆಟಿಗೆ ತೆಗೆಯುವುದಿಲ. ಇಷ್ಟು ದಿನ ತೆಗೆದದ್ದು ತಪ್ಪು.’

ಅವನ ಓದು ಐದನೇ ಕ್ಲಾಸಿಗೆ ನಿಂತಿತ್ತು. ಬೋರ್ಡು ಓದಿದ ಗಿರಾಕಿಗಳಿಗೆ ಅಕ್ಷರದ ಮೇಲೆ ಕಣ್ಣು ಹೋಗಲಿಲ್ಲ, ಅರ್ಥದ ಮೇಲೆ ಸಿಟ್ಟು ಬಂತು. ನೆಟಿಗೆ ತೆಗೆಯದವನು ನೆಟಿಗೆಯಣ್ಣ ಹೇಗಾದಾನು? ಬೋಳುತಲೆಯವರು ಸರದಿಯಿಂದ ಎದ್ದುಹೋದರು. ಅವರಿಗೆ ಅಲ್ಲಿ ಬೇರೆ ಕೆಲಸವೇ ಇರಲಿಲ್ಲ. “ಪೂರ್ತಿ ತಪ್ಪು ಅಂತ ಯಾಕೆ ಬರೆದೆ ಭಾವ? ನನ್ನ ಹೊಟ್ಟೆ ಮೇಲೂ ಹೊಡೆದೆ,” ಎಂದು ಭಾವಮೈದ ಎರಡು ದಿನ ಮಾತು ಬಿಟ್ಟ. ನೆಟಿಗೆಯಣ್ಣ ರಟ್ಟನ್ನು ಮಾತ್ರ ತೆಗೆಯಲಿಲ್ಲ.

ಮುಂದಿನ ಬುಧವಾರ ಬೆಳಿಗ್ಗೆ ಬಾಗಿಲು ತೆಗೆಯಲು ಹೋದವನು ಬೀಗದ ಕೈ ಹಿಡಿದುಕೊಂಡು ನಿಂತುಬಿಟ್ಟ. ಬೋರ್ಡಿನ ‘ತೆಗೆಯುವುದಿಲ’ ಎಂಬಲ್ಲಿ, ಕೊನೆಯ ಅಕ್ಷರದ ಕೆಳಗೆ, ಕೆಂಪು ಶಾಯಿಯಲ್ಲಿ, ಅಚ್ಚಿನ ಮೊಳೆಯಷ್ಟು ಅಚ್ಚುಕಟ್ಟಾಗಿ ಯಾರೋ ಒಂದು ಒತ್ತು ಹಾಕಿದ್ದರು. ಅಂಚಿನಲ್ಲಿ ಸಣ್ಣದೊಂದು ಗೆರೆಯ ಗುರುತೂ ಇತ್ತು. ಹಾಗೆ ತಿದ್ದುವವರು ಊರಿನಲ್ಲಿ ಎಷ್ಟು ಜನ ಇದ್ದಾರು? ಅವನು ಅಂಗಡಿ ತೆಗೆಯುವುದನ್ನು ಮರೆತು ಮೆಟ್ಟಿಲ ಮೇಲೆ ಕೂತ. ನಗು ಬಂತು, ಜೊತೆಗೆ ಅಳುವೂ ಬಂತು.

ಕೊನೆಯ ತರಗತಿಗೆ ಪ್ರೂಫ್ ರೀಡರು ಬಂದರು. ಯಾರಿಗೂ ವಿವರಣೆ ಕೊಡಲಿಲ್ಲ. ಜೋಡಿ ವ್ಯಾಯಾಮದ ಹೊತ್ತಿಗೆ ಮೇಡಂ, “ನೀವು ಗೋಡೆ ಹತ್ರ ಹೋಗಿ ಸಾರ್,” ಎಂದಳು. ಅವರು ತಮ್ಮ ಸ್ಟೂಲನ್ನು ಎಳೆದುಕೊಂಡು ಹೋಗಿ ನೆಟಿಗೆಯಣ್ಣನ ಮುಂದೆ ಹಾಕಿ ಬೆನ್ನು ಮಾಡಿ ಕೂತರು.

“ಗಡಿಯಾರದವರ ಜೊತೇನಾ?” ಎಂದಳು ಮೇಡಂ.

“ಇವರು ಗಡಿಯಾರದವರಲ್ಲ, ಕ್ಷೌರದವರು,” ಎಂದು ತಿದ್ದಿದರು. ಆಮೇಲೆ ದನಿ ತಗ್ಗಿಸಿ, ಹಿಂದೆ ನಿಂತವನಿಗೆ, “ಬೇರೆಲ್ಲ ಬಿಟ್ಟು ‘ಇಲ್ಲ’ ಅನ್ನೋದ್ರಲ್ಲೇ ಒತ್ತು ಬಿಟ್ಟಿದ್ರಲ್ರೀ. ಅದಿಲ್ದಿದ್ರೆ ಆ ಮಾತಿಗೆ ಬಲ ಎಲ್ಲಿಂದ ಬರ್ಬೇಕು?” ಎಂದರು.

“ನೋಡ್ದೆ ಸಾರ್.”

“ಕೈ ಇಡಿ. ತಿರುಗಿಸ್ಬೇಡಿ.”

“ಇಲ್ಲ,” ಎಂದ.

ಅಂಗೈ ತಗುಲಿದಾಗ ಅವರ ಮೈ ಒಮ್ಮೆ ಜುಮ್ಮೆಂದದ್ದು ಅವನಿಗೆ ಗೊತ್ತಾಯಿತು. ಮೇಡಂ ಎಣಿಸತೊಡಗಿದಳು. ಅವರು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಹಲ್ಲು ಕಚ್ಚಿಕೊಂಡು ಒತ್ತಿದರು. ಹತ್ತಾಯಿತು. ಉಳಿದ ಜೋಡಿಗಳು ಬಿಟ್ಟವು. ಅವರು ಬಿಡಲಿಲ್ಲ. “ಸಾಕು ಸಾರ್,” ಎಂದಳು ಮೇಡಂ. ಅವರಿಗೆ ಸಾಕಾಗಿರಲಿಲ್ಲ. ಎಂಟು ತಿಂಗಳ ಸಿಟ್ಟು ಅಷ್ಟೂ ಆ ಅಂಗೈಗೆ ಬಂದು ಬೀಳುತ್ತಿತ್ತು. ನೆಟಿಗೆಯಣ್ಣನ ಸ್ವಂತ ಕುತ್ತಿಗೆಯಿಂದ ಮೊಣಕೈವರೆಗೆ ನೋವು ಬೆಂಕಿಯಂತೆ ಹರಿಯಿತು. ಅವನು ತಳ್ಳಲಿಲ್ಲ, ಸರಿಯಲಿಲ್ಲ, ಹಿಡಿದು ನಿಂತ. ಎಷ್ಟೋ ಹೊತ್ತಿನ ಮೇಲೆ ಆ ತಲೆ ಒತ್ತುವುದನ್ನು ನಿಲ್ಲಿಸಿ, ಆಯಾಸಗೊಂಡು, ಅದೇ ಅಂಗೈಯಲ್ಲಿ ಒರಗಿತು.

ಪ್ರೂಫ್ ರೀಡರು ಕಣ್ಣೊರೆಸಿಕೊಂಡು ಎದ್ದರು. “ಈಗ ನೀವು ಕೂತ್ಕೊಳ್ಳಿ.”

ನೆಟಿಗೆಯಣ್ಣ ಕೂತ. ಬೆನ್ನ ಹಿಂದೆ ಅವರು ಬಂದು ನಿಂತದ್ದು ಕೇಳಿಸಿತು, ಕಾಣಿಸಲಿಲ್ಲ. ಹೇಳದೆ ಕೇಳದೆ ಒಮ್ಮೆ ತಿರುಗಿಸಿದರೆ ಮುಗಿಯಿತು, ತಿರುಗಿಸಲು ಆ ಮನುಷ್ಯನಿಗೆ ಕಾರಣವೂ ಇದೆ. ಮೂವತ್ತೊಂದು ವರ್ಷ, ದಿನಾ ಹತ್ತು ಹನ್ನೆರಡು ಜನ, ತನ್ನ ಮುಂದೆ ಕಣ್ಣು ಮುಚ್ಚಿ ಕೂತು ತನಗೆ ಒಪ್ಪಿಸಿದ್ದು ಏನನ್ನು ಎಂದು ಅವನಿಗೆ ಆಗ ತಿಳಿಯಿತು.

ಕೈ ಇನ್ನೂ ತಲೆಗೆ ತಗುಲಿರಲಿಲ್ಲ.

“ಮುಟ್ಲಾ?” ಎಂದು ಪ್ರೂಫ್ ರೀಡರು ಕೇಳಿದರು.

ಇಷ್ಟು ವರ್ಷದಲ್ಲಿ ಅವನು ಯಾರನ್ನೂ ಆ ಮಾತು ಕೇಳಿರಲಿಲ್ಲ. ಉತ್ತರ ಬರುವವರೆಗೂ ಅವರು ಕೈ ಎತ್ತಿಕೊಂಡೇ ಕಾದರು.